ಬೊಡ್ಡೆಯ ಬಳಿಗೆ ಬಂದ ನಾಯಿ

ಬೀವರ್ ಹಳ್ಳ, ಲೂಯಿಸಿಯಾನ
೧೪ ಅಕ್ಟೋಬರ್ ೧೯೫೭

ಪ್ರೀತಿಯ ಅಪ್ಪಾ,

ನಿಮ್ಮ ಕೆಮ್ಮು ಹೇಗಿದೆ ಎಂದು ಕೇಳುವ ಮೊದಲೇ ಒಂದು ವಿಷಯ ಒಪ್ಪಿಕೊಳ್ಳಬೇಕು. ತಡಮಾಡಿದರೆ ಧೈರ್ಯ ಉಳಿಯುವುದಿಲ್ಲ. ಮೂರು ವರ್ಷದ ಹಿಂದೆ, ನಮ್ಮ ಹೆಣ್ಣುನಾಯಿ ಡೋವಿಯ ಪರೀಕ್ಷೆಯ ದಿನ, ನಾನು ನಿಮಗೆ ಸುಳ್ಳು ಹೇಳಿದೆ. ಅವಳು ಹಂದಿಯ ಮುಂದೆ ನಿಲ್ಲಲಿಲ್ಲ. ಬಿಟ್ಟು ಬಂದಳು.

ಈಗ ಕೇಳುತ್ತೇನೆ. ಕೆಮ್ಮು ಹೇಗಿದೆ? ರಕ್ತ ಬೀಳುವುದು ನಿಂತಿತೇ? ಆಸ್ಪತ್ರೆಯಲ್ಲಿ ಎಲ್ಲರನ್ನೂ ಗಾಳಿಗೆಂದು ವರಾಂಡದಲ್ಲೇ ಮಲಗಿಸುತ್ತಾರೆಂದು ಬರೆದಿದ್ದಿರಿ. ಅಮ್ಮ ಸಾಯುವ ಮೊದಲು ಹೊಲಿದ ಕೌದಿ ಪೆಟ್ಟಿಗೆಯಲ್ಲೇ ಇದೆ, ಕಳಿಸಲೇ? ನಾನು ಚೆನ್ನಾಗಿದ್ದೇನೆ. ಮೆಕ್ಕೆಜೋಳದ ರೊಟ್ಟಿಯನ್ನು ಈಗ ಸೀಯಿಸದೆ ಮಾಡಬಲ್ಲೆ. ಒಬ್ಬನಿಗೆ ಬೇಕಾದಷ್ಟೇ ಮಾಡಲು ಮಾತ್ರ ಕೈಗೆ ಲೆಕ್ಕ ಸಿಗುತ್ತಿಲ್ಲ. ದಿನವೂ ಅರ್ಧ ನಾಯಿಗಳ ಪಾಲು. ಮೊನ್ನೆ ಅಂಚೆಯವನನ್ನು ಮಾತಾಡಿಸಲು ಹೋದರೆ ದನಿಯೇ ಹೊರಡಲಿಲ್ಲ. ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಆ ದಿನ ನಿಮಗೆ ಜ್ವರವಿತ್ತು, ಜವುಗಿನವರೆಗೆ ನಡೆಯಲಾಗದೆ ನನ್ನನ್ನು ಕಳಿಸಿದಿರಿ. ಎಲ್ಲವನ್ನೂ ನೀವು ಕಲಿಸಿದಂತೆಯೇ ಮಾಡಿದೆ. ನಮ್ಮ ಗುರುತಿನ, ಎಡಗಿವಿ ಸೀಳಿದ ಹೆಣ್ಣುಹಂದಿಯ ಮೇಲೆ ಅವಳನ್ನು ಬಿಟ್ಟೆ, ಅವಳು ಬೊಗಳಲು ಶುರುಮಾಡಿದ ಮೇಲೆ ಕಣ್ಣಿಗೆ ಕಾಣದಷ್ಟು ದೂರ ನಡೆದು ಪೈನ್ ಮರದ ಬೊಡ್ಡೆಯ ಮೇಲೆ ಕೂತೆ. ಕೂಗಲಿಲ್ಲ, ಶಿಳ್ಳೆ ಹಾಕಲಿಲ್ಲ. ಬೊಡ್ಡೆಯ ಮೇಲಿನ ಬಿಸಿಲು ಈ ಅಂಚಿನಿಂದ ಆ ಅಂಚಿಗೆ ಸರಿಯುವವರೆಗೂ ನಾಯಿಮರಿಯು ಆ ಹಂದಿಯನ್ನು ಕಚ್ಚದೆ, ಬಿಡದೆ, ಒಂಟಿಯಾಗಿ ಬೊಗಳುತ್ತ ನಿಲ್ಲಬೇಕು. ಮನುಷ್ಯನನ್ನು ಹುಡುಕಿಕೊಂಡು ಬಂದರೆ ಅದರಿಂದ ತಳಿ ತೆಗೆಯುವಂತಿಲ್ಲ. ಬಿಸಿಲು ಅರ್ಧ ಸರಿದಿರಲಿಲ್ಲ, ಬೊಗಳುವುದು ನಿಂತಿತು. ಸ್ವಲ್ಪ ಹೊತ್ತಿಗೆ ಪೊದೆಯೊಳಗಿಂದ ಬಂದು ನನ್ನ ಬೂಟಿನ ಮೇಲೆ ಗದ್ದ ಇಟ್ಟು ಮಲಗಿದಳು.

ನಾನು ಶಾಲೆ ಬಿಟ್ಟು ಅವತ್ತಿಗೆ ನಾಲ್ಕು ದಿನ. ಮೇಷ್ಟರು ಮುಖ ತಿರುಗಿಸಿದ್ದರು, ನೀವು ಊಟಕ್ಕೆ ಕೂತಾಗಲೂ ನನ್ನ ಕಡೆ ನೋಡುತ್ತಿರಲಿಲ್ಲ. ಆ ವಾರವಿಡೀ ತಾನಾಗಿ ನನ್ನ ಹತ್ತಿರ ಬಂದ ಜೀವ ಅದೊಂದೇ. ಬಿಸಿಲು ಪೂರ್ತಿ ಸರಿಯುವವರೆಗೆ ಅವಳ ಕಿವಿ ಸವರುತ್ತ ಕೂತೆ. ಮನೆಗೆ ಬಂದು, "ನಿಂತಳು" ಎಂದೆ. ನೀವು ಹಾಸಿಗೆಯಲ್ಲಿ ಎದ್ದು ಕೂತು, ಅವಳ ಒಂದು ನೀಲಿ ಒಂದು ಕಂದು ಕಣ್ಣನ್ನು ದಿಟ್ಟಿಸಿ, "ನೋಡ್ಕೊಳೋ ಹೋಲಿಸ್, ನನ್ ತಾತನ ನಾಯಿ ರಕ್ತ ಇದು. ನೀನು ಎಲ್ಲಾ ಅರ್ಧಕ್ಕೆ ಬಿಟ್ಟು ಬರೋನು. ಇವಳನ್ನ ನೋಡಿ ಆದ್ರೂ ಕಲಿ" ಎಂದಿರಿ. ಆಮೇಲೆ ನಿಜ ಹೇಳುವುದು ಹೇಗೆ? ಬೇರೆ ಯಾವುದರಲ್ಲೂ ನಾನು ನಿಮಗೆ ಸುಳ್ಳು ಹೇಳಿದವನಲ್ಲ. ಶಾಲೆ ಬಿಟ್ಟದ್ದನ್ನೂ ಅದೇ ಸಂಜೆ ಹೇಳಿದ್ದೆ, ಬೆಲ್ಟಿನ ಏಟು ತಿಂದಿದ್ದೆ.

ನೀವು ಆಸ್ಪತ್ರೆಗೆ ಹೋಗುವಾಗ ಇನ್ನೂ ಕಣ್ಣು ಬಿಡದಿದ್ದ ಅವಳ ಐದು ಮರಿಗಳಿಗೆ ಈಗ ಹತ್ತು ತಿಂಗಳು. ಹೋದ ವಾರ ಐದನ್ನೂ ಪರೀಕ್ಷೆಗೆ ಕರೆದುಕೊಂಡು ಹೋದೆ. ನೀವು ಎರಡು ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಹಳ್ಳದಾಚೆಯ ಓಥಾ ಮಾವ, ತಂಬಾಕು ಜಗಿಯುತ್ತ ತಾವೂ ಬಂದು ಬೊಡ್ಡೆಯ ಮೇಲೆ ಕೂತರು. ಮೊದಲನೆಯದು ಬಂತು. "ಪಾಪ, ದಾರಿ ತಪ್ಪಿರ್ಬೇಕು" ಎಂದರು. ಎರಡನೆಯದು ಬಂದಾಗ, "ನಿನ್ ಜೇಬಲ್ಲಿ ಮಾಂಸ ಗೀಂಸ ಇಟ್ಕೊಂಡಿದೀಯೇನೋ?" ಎಂದು ನಕ್ಕರು. ನಾಲ್ಕನೆಯದು ಬಂದಾಗ ನಗಲಿಲ್ಲ. "ಅಲ್ಲ ಮಗಾ, ನಿಮ್ಮಪ್ಪನ ಕಣ್ಣು ಯಾವತ್ತೂ ತಪ್ಪಿದ್ದಲ್ಲ. ಇದೆಲ್ಲಿಂದ ಬಂತು?" ಎಂದರು. ಅಪ್ಪನ ಕಣ್ಣು ತಪ್ಪಿಲ್ಲ, ನನ್ನ ನಾಲಿಗೆ ತಪ್ಪಿತು ಎಂದು ಅವರಿಗೆ ಆಗಲೇ ಹೇಳಿಬಿಟ್ಟೆ. ಅವರು ತಂಬಾಕು ಉಗಿದು, "ನಂಗಲ್ಲ ಕಣೋ, ಅವನಿಗೆ ಹೇಳು" ಎಂದರು.

ಐದನೆಯದು ಬರಲಿಲ್ಲ, ಅಪ್ಪಾ. ಪಟ್ಟೆ ಪಟ್ಟೆ ಮೈಯ ಚಿಕ್ಕ ಹೆಣ್ಣು, ಅದಕ್ಕೆ ಹೆಸರೂ ಇಟ್ಟಿಲ್ಲ. ಬಿಸಿಲು ಬೊಡ್ಡೆ ದಾಟಿ ನೆಲಕ್ಕೆ ಇಳಿಯಿತು. ನಾವೇ ಎದ್ದು ಹೋಗಿ ನೋಡಿದರೆ ಗಂಟಲು ಬಿದ್ದು ಬರೀ ಗಾಳಿ ಬರುತ್ತಿತ್ತು. ಆದರೂ ಹಂದಿ ಮುನ್ನುಗ್ಗಿದಷ್ಟೂ ಒಂದೊಂದೇ ಹೆಜ್ಜೆ ಹಿಂದಿಡುತ್ತ ಅದನ್ನು ದೊಡ್ಡಿಯ ಕಡೆಗೇ ತರುತ್ತಿತ್ತು. ಹೇಡಿ ತಾಯಿಯ ಮರಿಯನ್ನು ಇಟ್ಟುಕೊಳ್ಳಬಾರದು ಎಂಬುದು ನಿಮ್ಮದೇ ನಿಯಮ. ಇದರ ತೀರ್ಪು ನನ್ನಿಂದಾಗದು, ನೀವೇ ಹೇಳಬೇಕು.

ಡೋವಿ ಈಗ ಬೆದೆಗೆ ಬಂದಿದ್ದಾಳೆ. ಮತ್ತೆ ನಮ್ಮ ಗಂಡುನಾಯಿ ಸ್ಯಾಮ್ಸನ್ ಜೊತೆ ಕೂಡಿಸು ಎಂದು ನೀವು ಬರೆದಿದ್ದಿರಿ. ನಾನು ಕೂಡಿಸಲಿಲ್ಲ. ಅವಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿದ್ದೇನೆ. ಇದನ್ನು ಬರೆಯುವಾಗಲೂ ಗದ್ದ ನನ್ನ ಬೂಟಿನ ಮೇಲೇ ಇದೆ. ಅವಳ ಮೇಲೆ ಸಿಟ್ಟು ಮಾಡಬೇಡಿ. ಅವಳು ಮುಚ್ಚಿಟ್ಟದ್ದು ಏನೂ ಇಲ್ಲ.

ನಿಮ್ಮ ಪಕ್ಕದ ಹಾಸಿಗೆಯ ಹಿರಿಯರಿಗೆ ನನ್ನ ನಮಸ್ಕಾರ. ಹಾಲು ಬಿಡದೆ ಕುಡಿಯಿರಿ.

ನಿಮ್ಮ ಮಗ,
ಹೋಲಿಸ್

ಮತ್ತೆ: ಹಂದಿಗಳನ್ನೆಲ್ಲ ದೊಡ್ಡಿಗೆ ಕೂಡುವವರೆಗೆ ಜಾಗ ಬಿಟ್ಟು ಕದಲಬೇಡ ಎಂದಿದ್ದಿರಿ. ಅರ್ಧ ಹಂದಿಗಳು ಇನ್ನೂ ಜವುಗಿನಲ್ಲೇ ಇವೆ. ಉಳಿದ ಕೆಲಸವನ್ನು ಸ್ಯಾಮ್ಸನ್‌ನನ್ನು ಕಟ್ಟಿಕೊಂಡು ಓಥಾ ಮಾವ ನೋಡಿಕೊಳ್ಳುತ್ತಾರೆ, ನಾಯಿಗಳಿಗೂ ಅವರೇ ಹಾಕುತ್ತಾರೆ. ನೀವು ಶಿಳ್ಳೆ ಹಾಕಿ ನನ್ನನ್ನು ಕರೆದಿಲ್ಲ, ಗೊತ್ತು. ಕೌದಿಯನ್ನು ನಾನೇ ತರುತ್ತೇನೆ. ಈ ಕಾಗದವನ್ನು ನರ್ಸಮ್ಮನ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ.