ನೆನೆಸದೆ ಕತ್ತರಿಸಿದ ಪ್ಯಾಂಟು

೯ ಆಗಸ್ಟ್, ಭಾನುವಾರ

ನನ್ನ ಅಕ್ಕನಿಗೆ,

ಮೊದಲು ಬೈದುಬಿಡು, ಆಮೇಲೆ ಮುಂದಿನದು ಕೇಳು. ವಾರದಿಂದ ನಿನಗೆ ಕಾಗದವಿಲ್ಲ, ಮೊನ್ನೆಯಿಂದ ನೀನು ಫೋನ್ ಮಾಡಿದರೂ ನಾನು ಎತ್ತಿಲ್ಲ. ತಪ್ಪು ನನ್ನದೇ. ಕಣ್ಣು ಹೇಗಿದೆ? ಆಪರೇಷನ್ ಆದ ಮೇಲೆ ಒಂದು ತಿಂಗಳು ಓದಬಾರದು, ಅಳಬಾರದು ಎಂದಿದ್ದಾರಂತೆ ಡಾಕ್ಟರು. ಓದದೇ ಇರುವುದು ನಿನಗೇನೂ ಕಷ್ಟವಲ್ಲ, ಶಾಲೆಯಲ್ಲೇ ರೂಢಿಯಾಗಿತ್ತು. ಇದನ್ನು ಭಾವನೇ ಓದಿ ಹೇಳಲಿ. ಅಳು ಮಾತ್ರ ಕರೆಯುವ ಮೊದಲೇ ಓಡಿ ಬರುತ್ತದೆ, ಸ್ವಲ್ಪ ತಡೆದುಕೋ. ನಮ್ಮ ಅಂಗಡಿಗೆ ಮಾಲು ತರುವ ಲಾರಿ ನಿಮ್ಮ ಊರಿನ ಮೇಲೆ ಹೋಗುತ್ತದೆ. ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಇಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಜಪಾನಿನ ಡೆನಿಮ್ ಬಟ್ಟೆಯ ಜೀನ್ಸ್ ಮತ್ತೆ ಬಂದಿವೆ. ನೆಲದ ಮೇಲಿಟ್ಟರೆ ತಾವೇ ನಿಲ್ಲುತ್ತವೆ, ಅಷ್ಟು ಗಡಸು. ಒಮ್ಮೆಯೂ ನೀರು ಕಾಣದ ಬಟ್ಟೆ. ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕಾಲಿನ ಉದ್ದ ಕತ್ತರಿಸಿ ಅಂಚು ಮಡಚಬೇಕು. ಗಿರಾಕಿಗಳಿಗೆ ಇಂದು ಕೊಂಡು ಇಂದೇ ಹಾಕಬೇಕು. ಮೊನ್ನೆ ಒಬ್ಬರು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತು, “ಮೂವತ್ತೆರಡು ಅಂತ್ಲೇ ಬರ್ಕೊಳ್ಳಿ, ನನ್ ಸೊಂಟ ಮದುವೆಯಾದಾಗಿಂದ ಅಷ್ಟೇ,” ಎಂದರು. “ಉಸಿರು ಬಿಡಿ ಸಾರ್, ಬರ್ಕೊಳ್ತೀನಿ,” ಎಂದೆ. ಬಿಟ್ಟರು. ಮೂವತ್ತಾರು! ಅಂಗಡಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಹುಡುಗನ ಸುದ್ದಿಗೆ ನೀನು ಕಾದಿರುತ್ತೀ, ಗೊತ್ತು. ಕಳೆದ ತಿಂಗಳು ಆ ಸಂಜೆ ಸೈಕಲ್ ಹತ್ತಿ, ಸೇತುವೆ ದಾಟಿ ಗೋಡೌನಿನ ಪಾಳಿಗೆಂದು ಹೋದವನು ಅಲ್ಲಿಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಅವತ್ತಿನಿಂದ ನಾನು ಅಲೆಯದ ಬೀದಿಯಿಲ್ಲ. ಠಾಣೆಯ ಕಾವಲಿನವನು ನನ್ನನ್ನು ಕಂಡರೆ ತಾನೇ ಬೆಂಚು ತೋರಿಸುತ್ತಾನೆ. “ನನಗಿಂತ ನೀನೇ ಅವನ್ನ ಚೆನ್ನಾಗಿ ನೋಡ್ಕೋತೀಯ,” ಎಂದು ನೀನೇ ನಿನ್ನ ಮಗನನ್ನು ನನ್ನ ಮನೆಗೆ ಕಳಿಸಿದ್ದೆ.

ಅವನ ಕೋಣೆ ಹಾಗೇ ಇದೆ. ಗೂಟಕ್ಕೆ ನೇತುಹಾಕಿದ್ದ ಬನಿಯನ್ ಬಟ್ಟೆಯ ಅಂಗಿಗಳನ್ನಷ್ಟೇ ಇಳಿಸಿ ಮಡಚಿಟ್ಟೆ. ಆ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ, ನೇತುಹಾಕಬೇಡವೋ ಎಂದು ಬಡಿದುಕೊಂಡರೂ ಕೇಳುತ್ತಿರಲಿಲ್ಲ. “ಅಂಗಿ ಬೆಳೀಲಿ ಬಿಡು ಚಿಕ್ಕಮ್ಮ, ಅದರ ಹಿಂದೆ ನಾನೂ ಬೆಳೀತೀನಿ,” ಎನ್ನುತ್ತಿದ್ದ. ಇಪ್ಪತ್ತಮೂರಾಯಿತು ಕತ್ತೆಗೆ, ಇನ್ನೆಲ್ಲಿ ಬೆಳೀತೀಯ ಎಂದು ಬೈಯುತ್ತಿದ್ದೆ. ಈಗ ಬೈಯಲು ಮನೆಯಲ್ಲಿ ಯಾರೂ ಇಲ್ಲ.

ಶುಕ್ರವಾರ ಪೊಲೀಸ್ ಅಧಿಕಾರಿಯೊಬ್ಬರು ಅಂಗಡಿಗೇ ಬಂದರು. ಹೆದರಬೇಡ, ಪೂರ್ತಿ ಕೇಳು. ಅವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಜೀನ್ಸ್ ಪ್ಯಾಂಟು. ನದಿಯಲ್ಲಿ ಯಾರದೋ ದೇಹ ಸಿಕ್ಕಿದೆಯಂತೆ, ಮುಖ ಗುರುತು ಹಿಡಿಯುವ ಹಾಗಿಲ್ಲವಂತೆ. ಪ್ಯಾಂಟಿನ ಕಾಲಂಚಿಗೆ ಸರಪಳಿ ಹೊಲಿಗೆಯಿತ್ತು. ಅದನ್ನು ಹಾಕುವ ಮೆಷಿನ್ ಈ ಸುತ್ತಮುತ್ತ ನಮ್ಮಲ್ಲೊಂದೇ ಇರುವುದು, ಹಾಗಾಗಿ ಹುಡುಕಿಕೊಂಡು ಬಂದಿದ್ದರು. “ನೋಡೀಮ್ಮಾ, ನಿಮ್ಮ ಹೊಲಿಗೇನಾ ಇದು?” ಎಂದರು. ಹೊಲಿಗೆಯೇನೋ ನಮ್ಮ ಅಂಗಡಿಯದೇ. ಆದರೆ ಸೊಂಟ ಮೂವತ್ತನಾಲ್ಕು! ನಮ್ಮ ಕಡ್ಡಿ ಪೈಲ್ವಾನನದು ಇಪ್ಪತ್ತೆಂಟು. ಯಾರ ಮನೆಯ ಮಗನೋ, ಪಾಪ. ನಮ್ಮವನಲ್ಲ. ಎಲ್ಲೋ ದೂರದಲ್ಲಿ ಕೆಲಸ ಹಿಡಿದಿರಬೇಕು, ಬರುತ್ತಾನೆ. ಬಂದ ದಿನ ಮೊದಲು ನಾನು ಹೊಡೆಯುತ್ತೇನೆ, ಆಮೇಲೆ ನಿನ್ನ ಸರದಿ.

ಹೊತ್ತು ಹೊತ್ತಿಗೆ ಊಟ ಮಾಡು. ಕಣ್ಣಿಗೆ ಔಷಧಿ ತಪ್ಪಿಸಬೇಡ. ಮಗಳು ಪುಟ್ಟಿಯನ್ನು ಹತ್ತಿರ ಕರೆದು ನನ್ನ ಪರವಾಗಿ ತಲೆ ನೇವರಿಸು, ಅವಳು ನೂರು ಕಾಲ ಚೆನ್ನಾಗಿರಲಿ. ನಿನ್ನ ಕಣ್ಣು ಬೇಗ ತಿಳಿಯಾಗಲಿ.

ನಿನ್ನ
ತಂಗಿ

ತಾ.ಕ.: ಭಾವ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡಿ.

ಸೊಂಟದ ಅಳತೆ ಸುಳ್ಳು ಬರೆದಿದ್ದೇನೆ. ಆ ಪ್ಯಾಂಟು ನಮ್ಮ ಹುಡುಗನದೇ. ತಂದ ದಿನವೇ ಹಾಕಬೇಕೆಂದು ಕುಣಿದಿದ್ದ. ಊರಿಗೆಲ್ಲ ಬುದ್ಧಿ ಹೇಳುವ ನಾನು ಅವನ ಹಟಕ್ಕೆ ಸೋತು, ನೆನೆಸದೆ ಕತ್ತರಿಸಿ ಹೊಲಿದುಕೊಟ್ಟೆ. ಮೊದಲ ಒಗೆತಕ್ಕೇ ಕುಗ್ಗಿ ಮೋಟಾಯಿತು. “ಇನ್ನು ಕೆಸರು ತಾಗಲ್ಲ ಬಿಡು ಚಿಕ್ಕಮ್ಮ,” ಎಂದು ನಕ್ಕ. ನಾನೇ ಹೊಲಿಗೆ ಬಿಚ್ಚಿ, ಮಡಿಕೆ ಇಳಿಸಿ, ಒಳಗೆ ನನ್ನ ಹಳೆಯ ಹಸಿರು ಅಂಗಿಯ ಪಟ್ಟಿ ಕೊಟ್ಟು ಹೊಲಿದಿದ್ದೆ. ಡೆನಿಮ್ಮಿಗೆ ಬನಿಯನ್ ಬಟ್ಟೆ ಜೋಡಿಸುವ ಹುಚ್ಚಿ ನನ್ನ ಹೊರತು ಇನ್ನೊಬ್ಬಳಿಲ್ಲ. ಅಧಿಕಾರಿ ಅಂಚು ಮಗುಚಿದರು, ಹಸಿರು ಕಾಣಿಸಿತು. “ಈ ಪಟ್ಟಿ ನಾನೇ ಕೊಟ್ಟದ್ದು,” ಎಂದೆ.

“ಅವನು ನಿಮಗೆ ಏನಾಗ್ಬೇಕು?” ಎಂದು ಕೇಳಿದರು. “ಅಕ್ಕನ ಮಗ,” ಎಂದೆ. ಚಿಕ್ಕಮ್ಮನಾದರೆ ಸಾಲದಂತೆ, ತಂದೆ ಬಂದರೇ ದೇಹ ಕೊಡುವುದಂತೆ. ಡ್ರೈವರ್ ನಿಮ್ಮ ಬಾಗಿಲಲ್ಲಿ ಕಾಯುತ್ತಾನೆ, ಅದೇ ಲಾರಿಯಲ್ಲಿ ಬಂದುಬಿಡಿ. ಅವನಿಗೆ ವಿಷಯ ಗೊತ್ತು. ಹೊರಗಿನವನ ಬಾಯಿಂದ ನೀವು ಇದನ್ನು ಕೇಳಬಾರದೆಂದು ಸುಮ್ಮನಿರಲು ಹೇಳಿದ್ದೇನೆ. ಫೋನಿನಲ್ಲಿ ನನ್ನ ಉಸಿರು ಕೇಳಿದರೂ ಅಕ್ಕ ತಿಳಿದುಕೊಂಡುಬಿಡುತ್ತಾಳೆ, ಅದಕ್ಕೇ ಎತ್ತಲಿಲ್ಲ.

ಅವಳ ಕಣ್ಣಿಗಾಗಿ ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನಿನ್ನ ಮಗ ಇಲ್ಲ ಎಂದು ಅವಳಿಗೆ ಬರೆಯಲು ನನ್ನ ಕೈಲಾಗಲಿಲ್ಲ. ಆದರೆ ನೀವು ಇಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಅವಳಿಗೆ ತಿಳಿಯದೇ ಇರುತ್ತದೆಯೇ? “ಏನ್ರೀ ಅದು, ಗಟ್ಟಿಯಾಗಿ ಓದ್ರೀ,” ಎಂದು ಆಗಲೇ ನಿಮ್ಮ ತೋಳು ಹಿಡಿದಿರುತ್ತಾಳೆ.

ಓದಿಬಿಡಿ, ಭಾವ.