ಟ್ಯಾಮ್‌ಸಿನ್‌ಳ ಮೂರನೆಯ ವಿಷಯ

ಬಾರ್ನ್‌ಸ್ಲಿ,
ಶುಕ್ರವಾರ, ಮಾರ್ಚ್ 21

ಪ್ರೀತಿಯ ತಮ್ಮ ರಾಯ್‌ಸ್ಟನ್‌ಗೆ,

ಹಲ್ಲುನೋವು ಹೇಗಿದೆ? ಜೈಲಿನ ದಂತವೈದ್ಯರ ಸರದಿ ಬರುವಷ್ಟರಲ್ಲಿ ಹಲ್ಲು ತಾನಾಗಿಯೇ ಉದುರುತ್ತದೆ ಎಂದು ನೀನು ಬರೆದಿದ್ದೆ. ಬಿಸಿ ಉಪ್ಪುನೀರು ಮುಕ್ಕಳಿಸು. ಲವಂಗದೆಣ್ಣೆ ಕಳಿಸೋಣವೆಂದರೆ ನಿಮ್ಮ ಗೇಟಿನವರು ಒಳಗೆ ಬಿಡುವುದಿಲ್ಲ. ನನ್ನ ಮೊಣಕಾಲಿನದು ಹಳೆಯ ಕತೆ. ಮಾರುಕಟ್ಟೆಯ ನನ್ನ ಅಂಗಡಿಯಲ್ಲಿ ಪರದೆ ಬಟ್ಟೆ ಈಗಲೂ ಓಡುತ್ತದೆ. ಪಕ್ಕದ ಮನೆಯವರು ಇಣುಕುವುದು ನಿಲ್ಲಿಸುವವರೆಗೆ ನನಗೆ ಚಿಂತೆಯಿಲ್ಲ.

ಇನ್ನು ನಿನ್ನ ಮಗಳ ವಿಷಯ. ಅಪರಾಧಶಾಸ್ತ್ರ, ಮನಶ್ಶಾಸ್ತ್ರ ಎರಡೂ ಸೇರಿದ ಆ ಪದವಿಯ ಕೊನೆಯ ವರ್ಷಕ್ಕೆ ಮೂರು ವಿಷಯಗಳನ್ನು ಅವರವರೇ ಆರಿಸಿಕೊಳ್ಳಬೇಕಂತೆ. ಅದಕ್ಕೆಂದೇ ಹೋದ ವಾರ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ಮೇಜು ಹಾಕಿ ಕೂತಿದ್ದರು. ಟ್ಯಾಮ್‌ಸಿನ್ ಕರೆದಳೆಂದು ಹೋದೆ. ಮೇಜಿಗೊಬ್ಬ ಮೇಷ್ಟ್ರು, ಮುಂದೆ ಬಟ್ಟಲಲ್ಲಿ ಮಿಠಾಯಿ, ಹೋಗುವ ಬರುವ ಮಕ್ಕಳಿಗೆಲ್ಲ ಹಲ್ಲು ಕಿರಿಯುವುದು. ಅರ್ಧ ಆಯುಷ್ಯ ಗಿರಾಕಿಗಳನ್ನು ಕೂಗಿ ಕರೆದವಳು ನಾನು. ಇಷ್ಟು ನಾಚಿಕೆ ಬಿಟ್ಟು ಎಂದೂ ಕೂಗಿಲ್ಲ. ‘ಅಪರಾಧ ಮತ್ತು ಸಿನಿಮಾ’ ಎಂಬುದೊಂದಿತ್ತು: ವರ್ಷವಿಡೀ ಸಿನಿಮಾ ನೋಡಿ ಅಂಕ ಪಡೆಯುವುದು. ಎಲ್ಲಕ್ಕಿಂತ ನೂಕುನುಗ್ಗಲು ‘ಸರಣಿ ಕೊಲೆಗಾರರ ಮನಸ್ಸು’ ಎಂಬ ಮೇಜಿಗೆ. ಅಲ್ಲಿದ್ದ ಕರಿ ಅಂಗಿಯ ಮೇಷ್ಟ್ರು ಕೊಲೆಗಾರನಿರಲಿ, ಕೋಳಿ ಕೊಯ್ಯುವವನನ್ನೂ ಹತ್ತಿರದಿಂದ ಕಂಡಿರಲಿಕ್ಕಿಲ್ಲ. ನಾನು ಕೇಳಿಯೇಬಿಟ್ಟೆ, “ಅಲ್ಲಾ ಸಾರ್, ಮುದುಕಿಯರ ಹತ್ರ ಛಾವಣಿ ರಿಪೇರಿ ಅಂತ ದುಡ್ಡು ಈಸ್ಕೊಂಡು ಮಾಯ ಆಗೋರ ಮನಸ್ಸು ಯಾವ ಮೇಜಲ್ಲಿದೆ?” ಅವನು ನಗುತ್ತಾ, “ಅದಕ್ಕೆ ಬೇಡಿಕೆ ಇಲ್ಲ ಮೇಡಂ” ಅಂದ. ಬೇಜಾರು ಮಾಡಿಕೊಳ್ಳಬೇಡ. ಜೈಲಿಗೆ ಹೋಗಿಯೂ ನೀನು ಪಾಠಕ್ಕೆ ಬೇಕಾದವನಾಗಲಿಲ್ಲ, ಅಷ್ಟೇ.

ಎರಡು ವಿಷಯ ತಕರಾರಿಲ್ಲದೆ ಮುಗಿದವು. ಜಗಳವೆಲ್ಲ ಮೂರನೆಯದರದು. ‘ಅಪರಾಧಿಯಿಂದಾಗುವ ಅಪಾಯವನ್ನು ಅಳೆಯುವುದು’ ನೀನು ಹಟ ಹಿಡಿದ ವಿಷಯ. ಕಳೆದ ಭೇಟಿಯಲ್ಲಿ ನೀನು ನನ್ನೆದುರೇ ಅವಳ ಕೈ ಹಿಡಿದುಕೊಂಡು, “ಅದನ್ನೇ ತಗೋ ಪುಟ್ಟಾ, ಪೆರೋಲ್‌ನವರು ಏನ್ ಕೇಳ್ತಾರೆ, ಏನ್ ಹೇಳಿದ್ರೆ ಬಿಡ್ತಾರೆ, ಎಲ್ಲಾ ಅದ್ರಲ್ಲೇ ಇರತ್ತೆ. ಅಪ್ಪಂಗೆ ಇಷ್ಟೂ ಮಾಡಲ್ವಾ?” ಅಂದೆ. ಆಮೇಲೆ ದಿನಾ ಸಂಜೆ ಫೋನು. ನಿನ್ನ ಮಾತು ಕೇಳಿಸುತ್ತಿರಲಿಲ್ಲ. ಅವಳ “ಹೂಂ ಅಪ್ಪಾ, ಹೂಂ ಅಪ್ಪಾ” ಮಾತ್ರ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಹುಡುಗಿ ಇಷ್ಟು ಓದಿದ್ದು ನಿನಗೆ ಬಾಯಿಪಾಠ ಹೇಳಿಕೊಡಲಿಕ್ಕೆ, ಅಲ್ಲವೇ? ಪಶ್ಚಾತ್ತಾಪವನ್ನೂ ಮಗಳ ಕೈಯಲ್ಲೇ ಹೊಲಿಸಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವಳು ಅಂದು ಸಭಾಂಗಣದಲ್ಲಿ ಹೆಚ್ಚು ಹೊತ್ತು ನಿಂತದ್ದು ಶೌಚಾಲಯದ ಪಕ್ಕದ ಮೂಲೆಮೇಜಿನ ಹತ್ತಿರ. ಅಲ್ಲಿ ಮಿಠಾಯಿ ಇರಲಿಲ್ಲ, ಜನರೂ ಇರಲಿಲ್ಲ. ಒಬ್ಬ ಹೆಂಗಸು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂತಿದ್ದಳು. ವಿಷಯದ ಹೆಸರು ‘ಮೋಸ ಹೋದವರು, ಪೆಟ್ಟು ತಿಂದವರು’. ಅದನ್ನು ತೆಗೆದುಕೊಂಡವರು ವಾರಕ್ಕೊಂದು ದಿನ ಅಂಥವರ ಮನೆಗೇ ಹೋಗಿ ಕೂತು ಅವರ ಮಾತು ಕೇಳಬೇಕು. ಬಸ್ಸಿನಲ್ಲಿ ಬರುವಾಗ ಟ್ಯಾಮ್‌ಸಿನ್, “ಅತ್ತೇ, ಅವರಲ್ಲಿ ಯಾರಾದ್ರೂ ನನ್ನ ಅಡ್ಡಹೆಸರು ಕೇಳಿ, ಅಪ್ಪನ ಮಗಳು ಅಂತ ಬಾಗಿಲು ಹಾಕ್ಕೊಂಡ್ರೆ?” ಅಂದಳು. ನಾನು, “ಹಾಕ್ಕೊಳ್ಳಲಿ, ಹಾಕ್ಕೊಳ್ಳೋ ಹಕ್ಕು ಅವರಿಗಿದೆ. ನೀನು ಇನ್ನೊಂದು ಸಲ ತಟ್ಟು” ಅಂದೆ. ಅದಕ್ಕವಳು, “ಅಪ್ಪ ಬೇಜಾರ್ ಮಾಡ್ಕೊಳ್ತಾರೆ” ಅಂದಳು. ಛಾವಣಿ ಸೋರುವ ಮನೆಗಳಲ್ಲಿ ಕೂತ ಮುದುಕಿಯರ ಬೇಜಾರಿನ ಪಕ್ಕದಲ್ಲಿ ನಿನ್ನದನ್ನಿಟ್ಟು ತೂಗಿದರೆ ತಕ್ಕಡಿ ಅಲ್ಲಾಡುವುದೂ ಇಲ್ಲ, ರಾಯ್‌ಸ್ಟನ್.

ಮೈ ನೋಡಿಕೋ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ನಿನ್ನ ಕೋಣೆಯ ಜೊತೆಗಾರನಿಗೆ ನನ್ನ ನಮಸ್ಕಾರ ಹೇಳು. ಅವನಿಗೆ ಏನನ್ನೂ ಮಾರಬೇಡ. ಎಷ್ಟಾದರೂ ನನ್ನ ತಮ್ಮ, ಒಳ್ಳೆಯದಾಗಲಿ.

ನಿನ್ನ ಅಕ್ಕ,
ಗ್ಲೆನಿಸ್

ತಾ.ಕ.: ಅಂಚೆ ಡಬ್ಬಿಯ ಎದುರು ನಿಂತು ಬರೆಯುತ್ತಿದ್ದೇನೆ. ಆಯ್ಕೆ ಬದಲಿಸುವ ಗಡುವು ಈಗ ಮಧ್ಯಾಹ್ನ ಮುಗಿಯಿತು. ಅವಳು ಮೂಲೆಮೇಜಿನದನ್ನೇ ತೆಗೆದುಕೊಂಡಿದ್ದಾಳೆ. ಸೋಮವಾರವೇ ತೀರ್ಮಾನಿಸಿದ್ದಳು, ಈ ನಾಲ್ಕು ಸಂಜೆ ನಿನಗೆ “ಹೂಂ” ಅಂದದ್ದು ಬರೀ ಬಾಯಿಮಾತಿಗೆ. “ನೀನೇ ಅಪ್ಪಂಗೆ ಫೋನಲ್ಲಿ ಹೇಳಿಬಿಡೇ” ಎಂದು ನಾನು ಅಂದದ್ದಕ್ಕೆ, “ಬೇಡ ಅತ್ತೇ, ಅಪ್ಪ ಮಾತಾಡಕ್ಕೆ ಶುರುಮಾಡಿದ್ರೆ ನಾನೂ ಆ ಮುದುಕಿಯರ ಹಾಗೆ ಬಾಗಿಲು ತೆಗೆದುಬಿಡ್ತೀನಿ” ಅಂದಳು.