ಏಳನೇ ದಿನದ ಕುಟ್ಟಾಣಿ

ಅತ್ತೆ,

ಇವತ್ತು ನಿಮ್ಮ ಹಿತ್ತಾಳೆ ಕುಟ್ಟಾಣಿಯನ್ನು ಅಟ್ಟದಿಂದ ಇಳಿಸಿದೆ. ಹನೀನ್ ಹುಟ್ಟಿದ ಏಳನೇ ದಿನದ ಶಾಸ್ತ್ರಕ್ಕೆ ಅಸ್ಯೂತ್ ಊರಿನ ನೆಂಟರೆಲ್ಲ ಸೇರಿದ್ದಾಗ, ನೀವು ಅದನ್ನೇ ಅವಳ ಕಿವಿಯ ಪಕ್ಕ ಕುಟ್ಟಿ, ವಾಡಿಕೆಯಂತೆ ಕೂಗಿದ್ದಿರಿ: "ಅಜ್ಜಿ ಮಾತು ಕೇಳೇ, ನಿಮ್ಮಮ್ಮನ ಮಾತು ಕೇಳ್ಬೇಡ!"

ಎಲ್ಲರೂ ನಕ್ಕರು. ಮಗು ಮಾತ್ರ ರೆಪ್ಪೆಯನ್ನೂ ಮಿಟುಕಿಸಲಿಲ್ಲ. "ಹೆಣ್ಣು ಸಿಂಹ ನನ್ ಮಗಳು," ಎಂದು ನಾನು ಬೀಗಿದೆ. ನೀವೊಬ್ಬರೇ ನಗು ನಿಲ್ಲಿಸಿದಿರಿ.

"ಮಗು ಬೆಚ್ಚಲೇ ಇಲ್ವಲ್ಲೇ ವಿದಾದ್. ಡಾಕ್ಟರಿಗೆ ಕಿವಿ ತೋರ್ಸು."

"ನನ್ ಕೂಸಿನ ಮೇಲೆ ಕಣ್ಣು ಹಾಕ್ಬೇಡಿ," ಎಂದೆ, ಎಲ್ಲರೆದುರು. ಆಮೇಲೆ ನೀವು ನಮ್ಮ ಹೊಸಿಲು ತುಳಿಯಲಿಲ್ಲ. ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚಿಬಿಟ್ಟಿರಿ.

ಹೆಸರು ಹಿಡಿದು ಕರೆದರೂ ತಿರುಗದ ಮಗು, ಒಂದೂವರೆ ವರ್ಷವಾದರೂ "ಅಮ್ಮಾ" ಎನ್ನದಿದ್ದಾಗ ಡಾಕ್ಟರ ಹತ್ತಿರ ಓಡಿದೆ. ಈ ಬೆಳಿಗ್ಗೆ ಕಿವಿಗೆ ಮೆಷಿನ್ ಹಾಕಿದರು. ಮನೆಗೆ ಬಂದವಳೇ ಅವಳ ಬೆನ್ನ ಹಿಂದೆ ನಿಂತು ಒಂದೇ ಏಟು ಕುಟ್ಟಿದೆ.

ಬೆಚ್ಚಿಬಿದ್ದು ತಿರುಗಿದಳು, ಅತ್ತೆ! ಮೊದಲು ಅತ್ತಳು. ಆಮೇಲೆ ಇನ್ನೊಮ್ಮೆ ಕುಟ್ಟು ಎಂದು ಕೈ ಬಡಿದಳು.

ಬೀದಿಗೆಲ್ಲ ಕೇಳುವಂತೆ ಕುಟ್ಟಿದೆ. ಗಂಟಲು ಹರಿಯುವಂತೆ ಕೂಗಿದೆ: "ಅಜ್ಜಿ ಮಾತು ಕೇಳೇ ಹನೀನ್, ನಿಮ್ಮಮ್ಮನ ಮಾತು ಕೇಳ್ಬೇಡ!"